ನೆಲಕ್ಕೆ ಕೈ ಚಾಚದವನು

ಶಿಕಾಗೊ
ಫೆಬ್ರವರಿ 4, 1973, ಭಾನುವಾರ

ಕ್ಲಿಯೋಟಿಸ್,

ಅಮ್ಮನನ್ನು ಮಣ್ಣು ಮಾಡಿ ಇವತ್ತಿಗೆ ಹದಿನೇಳು ದಿನ. ನಿನಗೆ ಬರೆಯಬೇಕೆಂದು ಮೂರು ಸಲ ಕೂತೆ. ಮೂರು ಸಲವೂ ಪಾತ್ರೆ ತೊಳೆಯುವುದಿದೆ ಎಂದು ಎದ್ದುಹೋದೆ. ಊಟ ತಂದುಕೊಟ್ಟವರ ತಟ್ಟೆ, ಬೋಗುಣಿಗಳು ಅಡಿಗೆಮನೆ ತುಂಬ ಇವೆ. ಒಂದೊಂದರ ತಳಕ್ಕೂ ಅಂಟುಪಟ್ಟಿ, ಅದರ ಮೇಲೆ ಮನೆಯವರ ಹೆಸರು. ದಿನಕ್ಕೆ ಎರಡರಂತೆ ಅವರವರ ಮನೆಗೆ ಮುಟ್ಟಿಸುತ್ತಿದ್ದೇನೆ. ಒಂದು ನೀಲಿ ಬೋಗುಣಿಯ ಪಟ್ಟಿ ಮಾತ್ರ ನೀರಿಗೆ ಕಿತ್ತುಹೋಗಿದೆ. ಯಾರದೋ ಗೊತ್ತಿಲ್ಲ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಶವಪೆಟ್ಟಿಗೆ ಇಳಿಸಿದರು. ಮೊದಲ ಕಾರಿನಲ್ಲಿ ಅಪ್ಪನ ಪಕ್ಕದ ಜಾಗ ನಿನಗೆಂದು ಬಿಟ್ಟಿದ್ದೆವು. ಪಕ್ಕದ ಮನೆಯ, ನಮ್ಮ ಚರ್ಚಿನ ಸಿಸ್ಟರ್ ಯುಲಾಲಿ ಅಲ್ಲಿ ಕೂರಲು ಬಂದರು. ಅಪ್ಪ ತಮ್ಮ ಟೋಪಿ ತೆಗೆದು ಆ ಜಾಗದಲ್ಲಿಟ್ಟರು. ಸ್ಮಶಾನದವರೆಗೂ ಟೋಪಿಯೇ ಕೂತುಕೊಂಡು ಬಂತು.

ನೀನು ಫೋನಿನಲ್ಲಿ ಹೇಳಿದ್ದನ್ನು ಅಪ್ಪನಿಗೆ ಹಾಗೆಯೇ ಹೇಳಿದ್ದೇನೆ. ಆ ಗುರುವಾರವೇ ಸಿನಿಮಾದಲ್ಲಿ ನಿನ್ನ ಮೊದಲ ದೊಡ್ಡ ಸ್ಟಂಟ್, ಮೂರನೇ ಮಹಡಿಯಿಂದ ಬೀಳುವುದು, ನೀನು ಹೋಗದಿದ್ದರೆ ಇನ್ನೊಬ್ಬ ಬೀಳುತ್ತಾನೆ, ಆಮೇಲೆ ನಿನ್ನನ್ನು ಯಾರೂ ಕರೆಯುವುದಿಲ್ಲ, ಎಲ್ಲ ಹೇಳಿದೆ.

"ತಾಯಿನ ಹೂಳೋ ದಿನ ಬೀಳೋಕೆ ಹೋದ್ನಾ" ಅಂದರು. ಅಷ್ಟೇ. ಅವತ್ತಿನಿಂದ ನಿನ್ನ ಹೆಸರು ಅವರ ಬಾಯಲ್ಲಿ ಬಂದಿಲ್ಲ. ಮಾತು ಬಂದರೆ "ಆ ಲಾಸ್ ಏಂಜಲೀಸಿನವನು" ಅನ್ನುತ್ತಾರೆ.

ಬೀಳುವುದನ್ನು ನಿನಗೆ ಕಲಿಸಿದ್ದು ಅವರೇ ಅಲ್ಲವೇ. ಮನೆಗಳ ಸೂರಿಗೆ ಟಾರು ಬಳಿಯುವವರ ಮಗ ಬೀಳುವುದನ್ನು ಮೊದಲು ಕಲಿಯಬೇಕು ಅನ್ನುತ್ತಿದ್ದರು. ಹಿತ್ತಲಲ್ಲಿ ಮರದ ಮೆಟ್ಟಿಲ ಕೆಳಗೆ ಹಾಸಿಗೆ ಎಳೆದು ಹಾಕಿ, ನಿನ್ನನ್ನು ಮೇಲಿನ ಕಟ್ಟೆಯಲ್ಲಿ ನಿಲ್ಲಿಸಿ, "ನೆಲಕ್ಕೆ ಕೈ ಚಾಚ್ಬೇಡ ಕಣೋ! ನೆಲ ನಿನ್ನ ಹಿಡ್ಕೊಳ್ಳುತ್ತೆ. ನೀನು ಅದನ್ನ ಹಿಡಿಯೋಕೆ ಹೋದ್ರೆ ಮಣಿಕಟ್ಟು ಹೋಗುತ್ತೆ" ಎಂದು ಕೂಗುತ್ತಿದ್ದರು. ಅಮ್ಮ ಬಾಗಿಲಲ್ಲಿ ನಿಂತು ಇಬ್ಬರಿಗೂ ಸೇರಿಸಿ ಬೈಯುತ್ತಿದ್ದಳು.

ನಾನು ನಿನ್ನ ಮೇಲೆ ಸಿಟ್ಟಾಗಿಲ್ಲ.

ನಿನ್ನ ಅಕ್ಕ,
ವರ್ನೆಲ್


ಲಾಸ್ ಏಂಜಲೀಸ್
ಫೆಬ್ರವರಿ 20, 1973

ಅಕ್ಕಾ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ. ಟೋಪಿಯ ಮಾತಿನಿಂದ ಮುಂದಕ್ಕೆ ಓದಲು ಎರಡು ದಿನ ಬೇಕಾಯಿತು.

ಬೀಳುವುದು ಚೆನ್ನಾಗಿ ಆಯಿತು. ಮೂರನೇ ಮಹಡಿ, ಕಿಟಕಿ ಒಡೆದುಕೊಂಡು. ಗಾಜು ನಿಜವಾದ್ದಲ್ಲ, ಸಕ್ಕರೆ ಪಾಕದಿಂದ ಮಾಡಿದ್ದು. ಕೆಳಗೆ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿರುತ್ತಾರೆ. ಒಂದೇ ಸಲಕ್ಕೆ ಮುಗಿಯಿತು, ಎಲ್ಲರೂ ಚಪ್ಪಾಳೆ ಹೊಡೆದರು. ಚಿತ್ರದ ನಾಯಕನ ಹೆಸರು ಬಿಗ್ ಹಾಲೊವೇ. ಚಿತ್ರ ಅಲ್ಲಿಗೂ ಬರುತ್ತದೆ. ನನ್ನ ಮುಖ ಕಾಣುವುದಿಲ್ಲ. ನಮ್ಮ ಕೆಲಸದಲ್ಲಿ ಮುಖ ಕಂಡರೆ ತಪ್ಪು.

ಅಪ್ಪನ ಕಾಲಿನ ನೋವು ಹೇಗಿದೆ? ನಾನು ಕೇಳಿದೆ ಎಂದು ಹೇಳಬೇಡ.

ಕ್ಲಿಯೋಟಿಸ್


ಶಿಕಾಗೊ
ಜೂನ್ 10, 1973

ಕ್ಲಿಯೋಟಿಸ್,

ನಿನ್ನ ಚಿತ್ರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಬಂದ ಬೇರೆಲ್ಲವನ್ನೂ ನೋಡುತ್ತಿದ್ದೇನೆ. ಶನಿವಾರ ಕೆಲಸ ಮುಗಿಸಿ ಪೇಟೆಯ ದೊಡ್ಡ ಥಿಯೇಟರಿಗೆ ಹೋಗುತ್ತೇನೆ. ಯಾವನಾದರೂ ಬಿದ್ದರೆ, ಕಾರಿನಿಂದ ಉರುಳಿದರೆ, ಬೆನ್ನು ನೋಡುತ್ತೇನೆ, ಅದು ನೀನಿರಬಹುದೇ ಎಂದು. ಊರಿಡೀ ನಾಯಕನ ಮುಖ ನೋಡಿದರೆ ನಾನೊಬ್ಬಳು ಸಾಯುವವರ ಬೆನ್ನು ನೋಡುತ್ತೇನೆ.

ಒಳಗೆ ಯಾರೂ ಸುಮ್ಮನೆ ಕೂರುವುದಿಲ್ಲ. "ಹಿಂದೆ ನೋಡೋ ಮಾರಾಯ, ಹಿಂದೇನೇ ಇದಾನೆ!" ಎಂದು ಪರದೆಗೆ ಕೂಗುತ್ತಾರೆ. ಮೊನ್ನೆ ಒಬ್ಬ ಮುದುಕಿ ಎದ್ದು ನಿಂತು ನಾಯಕನಿಗೆ, "ಅವಳನ್ನ ನಂಬ್ಬೇಡ ಮಗಾ, ಅವಳ ಕೈಚೀಲ ನೋಡು!" ಅಂದಳು. ಕೈಚೀಲದಲ್ಲಿ ಪಿಸ್ತೂಲೇ ಇತ್ತು. ಇಡೀ ಥಿಯೇಟರ್ ಅವಳಿಗೆ ಚಪ್ಪಾಳೆ ಹೊಡೆಯಿತು. ನಾನು ಚಿಕ್ಕವಳಿದ್ದಾಗ ನೋಡಿದ ಚಿತ್ರಗಳಲ್ಲಿ ನಮ್ಮ ಕರಿಯ ಜನ ಆಳುಗಳಾಗಿ ತಟ್ಟೆ ಹಿಡಿದು ಒಂದು ಬಾಗಿಲಿಂದ ಬಂದು ಇನ್ನೊಂದು ಬಾಗಿಲಿಂದ ಹೋಗುತ್ತಿದ್ದರು. ಈಗ ನಮ್ಮವನು ಕೊನೆಯ ರೀಲಿನವರೆಗೂ ಬದುಕಿರುತ್ತಾನೆ. ಅಷ್ಟನ್ನು ನೋಡಲು ಜನ ಚಳಿಯಲ್ಲೂ ಸಾಲು ನಿಂತಿದ್ದರು.

ನಾನು ಕೆಲಸ ಮಾಡುವ ಡ್ರೈ ಕ್ಲೀನಿಂಗ್ ಅಂಗಡಿಗೂ ಅದೇ ಗಾಳಿ ಬಂದಿದೆ. ಒಬ್ಬ ತನ್ನ ಸತ್ತ ಚಿಕ್ಕಪ್ಪನ ಕೋಟು ತಂದು, "ಕಾಲರ್ ಅಗಲ ಮಾಡಿ ಮೇಡಂ, ನಡೆದ್ರೆ ಅಂಚು ಹಾರ್ಬೇಕು" ಅಂದ. "ಈ ಊರಿನ ಗಾಳಿಗೆ ಅಷ್ಟಗಲ ಮಾಡಿದ್ರೆ ಅಂಚಿನ ಜೊತೆ ನೀನೂ ಹಾರ್ತೀಯ" ಅಂದೆ. ಅಮ್ಮ ಹೋದ ಮೇಲೆ ನಾನು ಮಾಡಿದ ಮೊದಲ ತಮಾಷೆ ಅದು.

ಚರ್ಚಿನವರಿಗೆ ಮಾತ್ರ ಈ ಚಿತ್ರಗಳು ಆಗುವುದಿಲ್ಲ. ತಲೆಹಿಡುಕರು, ಅಮಲು ಮಾರುವವರು, ಬಟ್ಟೆಯಿಲ್ಲದ ಹೆಂಗಸರು, ಇಷ್ಟೇ ನಾವು? ದುಡ್ಡೆಲ್ಲ ಹೋಗುವುದು ಯಾರಿಗೆ? ಎಂದು ಪಾದ್ರಿಗಳು ಕೇಳುತ್ತಾರೆ. ತಪ್ಪು ಅನ್ನಲಾರೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹತ್ತು ಹದಿನೈದು ಜನ ಥಿಯೇಟರಿನ ಮುಂದೆ ಬೋರ್ಡು ಹಿಡಿದು ನಿಲ್ಲುತ್ತಾರೆ. "ಮಕ್ಕಳಿಗೆ ಕಲಿಸುವುದು ಇದನ್ನೇ?" ಎಂಬ ಬೋರ್ಡನ್ನು ಹಿಡಿಯುವವರು ಚರ್ಚಿನ ಹಿರಿಯರಾದ ಡೀಕನ್ ಎಜೆಲ್, ನಮ್ಮ ಅಪ್ಪ. ಅದಕ್ಕೇ ನಾನು ಶನಿವಾರ ಹೋಗುವುದು.

ವರ್ನೆಲ್


ಶಿಕಾಗೊ
ಸೆಪ್ಟೆಂಬರ್ 9, 1973

ನನ್ನ ತಮ್ಮಾ,

ನಿನ್ನನ್ನು ನೋಡಿದೆ.

ಮೂರು ಸಲ ನೋಡಿದೆ. ಮೊದಲ ಸಲ ಕಣ್ಣು ಮುಚ್ಚಿದೆ. ಎರಡನೇ ಸಲ ಕಣ್ಣೀರು ಅಡ್ಡ ಬಂತು. ಮೂರನೇ ಸಲ ಪೂರ್ತಿ ನೋಡಿದೆ. ಕಿಟಕಿ ಒಡೆಯುತ್ತದೆ, ಆ ಕಂದು ಕೋಟು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಬೀಳುತ್ತಾ ಬೀಳುತ್ತಾ ನಿನ್ನ ಬಲಗೈ ಮುಂದಕ್ಕೆ ಚಾಚಿಕೊಳ್ಳುತ್ತದೆ, ಏನನ್ನೋ ಹಿಡಿಯುವ ಹಾಗೆ. ಪಕ್ಕದವಳು ಯಾರೋ ಏನೋ, ಅವಳ ತೋಳು ಹಿಡಿದು "ನನ್ನ ತಮ್ಮ! ಅವ್ನು ನನ್ನ ತಮ್ಮ!" ಅಂದೆ. "ಅಯ್ಯೋ, ಪಾಪ, ಬದುಕಿದಾನಾ?" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳೇ ಹಿಂದಿನ ಸಾಲಿಗೆ ತಿರುಗಿ ಹೇಳಿದಳು. ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗಿ, ದೀಪ ಹಾಕಿದಾಗ ಗುರುತಿಲ್ಲದವರೆಲ್ಲ ನನ್ನ ಕೈ ಕುಲುಕಿದರು.

ಈಗ ಒಂದು ಮಾತು ಹೇಳುತ್ತೇನೆ. ಸಿಟ್ಟಿಲ್ಲ ಎಂದು ಫೆಬ್ರವರಿಯಲ್ಲಿ ಬರೆದೆನಲ್ಲ, ಸುಳ್ಳು. ನಿನ್ನ ಕಾಗದ ಬಂದರೆ ಒಡೆಯುವ ಮೊದಲು ಒಂದು ದಿನ ಹಾಗೇ ಬಿಡುತ್ತಿದ್ದೆ, ನಿನ್ನನ್ನೂ ಸ್ವಲ್ಪ ಕಾಯಿಸೋಣ ಎಂದು. ನೀನು ಅಲ್ಲಿದ್ದೆ, ನಿನಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಆ ಕೈ ನೋಡಿದ ಮೇಲೆ ಸಿಟ್ಟು ಹೋಯಿತು. ನಾವು ಅಮ್ಮನನ್ನು ಇಳಿಸುತ್ತಿದ್ದ ದಿನವೇ ನೀನು ಅಲ್ಲಿ ಕೆಳಗಿಳಿಯುತ್ತಿದ್ದೆ. ಆ ಕೈ ಅವಳಿಗೇ ಚಾಚಿದ್ದು. ನನಗೆ ಗೊತ್ತು.

ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಅವರೂ ಅದನ್ನು ನೋಡಲಿ. ನೋಡಿದರೆ ನಿನ್ನ ಹೆಸರು ಹೇಳುತ್ತಾರೆ, ನೀನು ಮನೆಗೆ ಬರಬಹುದು.

ವರ್ನೆಲ್


ಲಾಸ್ ಏಂಜಲೀಸ್
ಸೆಪ್ಟೆಂಬರ್ 16, 1973

ಅಕ್ಕಾ,

ದಯವಿಟ್ಟು ಅಪ್ಪನನ್ನು ಕರೆದುಕೊಂಡು ಹೋಗಬೇಡ. ಅದರಲ್ಲಿ ಕೆಟ್ಟ ಮಾತುಗಳಿವೆ, ಬಚ್ಚಲಿನ ಒಂದು ದೃಶ್ಯ ಇದೆ. ಡೀಕನ್ ಆದವರು ನೋಡುವಂಥದ್ದಲ್ಲ. ಅಲ್ಲದೆ ಆ ಬೀಳುವುದು ಅಂಥ ದೊಡ್ಡದೇನಲ್ಲ, ಇನ್ನೂ ಒಳ್ಳೆಯದು ಮುಂದೆ ಬರುತ್ತದೆ. ಅದನ್ನು ತೋರಿಸು.

ಇದು ನಾಚಿಕೆಯ ಮಾತು ಅಂದುಕೊಳ್ಳಬೇಡ. ಬೇಡ ಅಂದರೆ ಬೇಡ.

ಕ್ಲಿಯೋಟಿಸ್


ಶಿಕಾಗೊ
ಸೆಪ್ಟೆಂಬರ್ 30, 1973

ಕ್ಲಿಯೋಟಿಸ್,

ನಿನ್ನ ಕಾಗದ ಬುಧವಾರ ಬಂತು. ಅದರ ಹಿಂದಿನ ಭಾನುವಾರವೇ ಹೋಗಿಬಂದಿದ್ದೆವು. ನಾಚಿಕೆಯಲ್ಲ ಅಂದೆ, ಅದು ನಾಚಿಕೆಯೇ. ಚಿಕ್ಕಂದಿನಲ್ಲೂ ನಿನ್ನನ್ನು ಹೊಗಳಿದರೆ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದೆ.

ನಡೆದದ್ದು ಹೇಳುತ್ತೇನೆ. "ಅಪ್ಪಾ, ಒಂದ್ಸಲ ಬನ್ನಿ. ಅವ್ನು ಅದರಲ್ಲಿದಾನೆ" ಅಂದೆ. ಅವರು ಎದ್ದು ಬೂಟಿಗೆ ಪಾಲಿಶ್ ಹಾಕಿದರು. ಥಿಯೇಟರಿನ ಮುಂದೆ ನಮ್ಮವರೇ ಬೋರ್ಡು ಹಿಡಿದು ನಿಂತಿದ್ದರು.

"ಡೀಕನ್, ನಿಮ್ಮ ಬೋರ್ಡು ಇಲ್ಲಿದೆ. ಎಲ್ಲಿಗೆ ಹೊರಟ್ರಿ?" ಎಂದು ಸಿಸ್ಟರ್ ಯುಲಾಲಿ ಕೇಳಿದರು.

"ಒಳಗೆ."

"ಒಳಗೆ?"

"ನಾಲ್ಕು ತಿಂಗಳು ಹೊರಗೆ ನಿಂತು ಬೈದಿದೀನಿ ಸಿಸ್ಟರ್. ಏನನ್ನ ಬೈದೆ ಅಂತ ನೋಡ್ಕೊಂಡು ಬರ್ತೀನಿ."

ಒಳಗೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಚರ್ಚಿನಲ್ಲಿ ಕೂತಂತೆ ಕೂತರು. ಬಚ್ಚಲಿನ ದೃಶ್ಯದಲ್ಲಿ ಟೋಪಿಯೊಳಗೆ ನೋಡುತ್ತಿದ್ದರು. ನೀನು ಬೀಳುವ ಹೊತ್ತಿಗೆ "ಅಪ್ಪಾ, ಈಗ" ಎಂದು ಮೊಣಕೈ ಮುಟ್ಟಿದೆ. ನೋಡಿದರು. ನಾನು ಚಪ್ಪಾಳೆ ಹೊಡೆದೆ, ಅಳುತ್ತಲೂ ಇದ್ದೆ. ಅವರು ಪರದೆ ಬಿಟ್ಟು ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಅವರೂ ಚಪ್ಪಾಳೆ ಹೊಡೆದರು, ನಿಧಾನಕ್ಕೆ, ನಾಲ್ಕೈದು ಸಲ.

ಬಸ್ಸಿನಲ್ಲಿ ಒಂದೇ ಮಾತು. "ಕೈ ಚಾಚಿದ."

"ಹೌದಪ್ಪಾ" ಅಂದೆ.

ನಿನ್ನ ಮಣಿಕಟ್ಟಿನ ಚಿಂತೆ ಇರಬೇಕು ಅವರಿಗೆ. ಪೆಟ್ಟಾಗಿತ್ತೇ? ಮುಚ್ಚಿಡಬೇಡ. ಹೆಸರು ಇನ್ನೂ ಹೇಳಿಲ್ಲ, ಆದರೆ ಈ ಭಾನುವಾರ ಬೋರ್ಡು ಹಿಡಿಯಲು ಹೋಗಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದರು. ಇದು ಶುರು ಅಂದುಕೊಂಡಿದ್ದೇನೆ.

ವರ್ನೆಲ್


ಶಿಕಾಗೊ
ಡಿಸೆಂಬರ್ 23, 1973

ಕ್ಲಿಯೋಟಿಸ್,

ನಾನು ಬರೆದು ಹನ್ನೆರಡು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಮಣಿಕಟ್ಟಿನ ಮಾತು ಕೇಳಿ ತಪ್ಪು ಮಾಡಿದೆನೇ? ಕೈಗೆ ಪೆಟ್ಟಾಗಿ ಬರೆಯಲಾಗದಿದ್ದರೆ ಬೇರೆಯವರಿಂದ ಬರೆಸು.

ಗೆಣಸಿನ ಪೈ ಮಾಡಿದೆ. ಅಮ್ಮನ ಹಾಗೆ ಬರಲಿಲ್ಲ. ಅವಳು ಜಾಯಿಕಾಯಿ ಎಷ್ಟು ಹಾಕುತ್ತಿದ್ದಳೋ ಯಾರಿಗೂ ಹೇಳಲಿಲ್ಲ. ನೀಲಿ ಬೋಗುಣಿ ಇನ್ನೂ ಇಲ್ಲೇ ಇದೆ.

ವರ್ನೆಲ್


ಶಿಕಾಗೊ
ಜನವರಿ 18, 1974

ಇವತ್ತಿಗೆ ವರ್ಷ. ಅಪ್ಪ ಈಗಲೂ ಸೋಫಾದ ಮೇಲೇ ಮಲಗುತ್ತಾರೆ. ಒಳಗಿನ ಮಂಚದ ಹಾಸಿಗೆ ಅಮ್ಮ ಎದ್ದುಹೋದ ಹಾಗೆಯೇ ಇದೆ. ಹೊದಿಕೆ ಮಡಿಸಲು ಹೋದರೆ "ಇರ್ಲಿ ಬಿಡು" ಅನ್ನುತ್ತಾರೆ.

ಬದುಕಿದ್ದೀಯಾ ಎಂದಾದರೂ ಬರೆ.

ವ.


ಲಾಸ್ ಏಂಜಲೀಸ್
ಫೆಬ್ರವರಿ 11, 1974

ಅಕ್ಕಾ,

ಮಣಿಕಟ್ಟಿಗೆ ಏನೂ ಆಗಿಲ್ಲ. ಆ ಕೈ ನನ್ನದಲ್ಲ.

ಆ ಗುರುವಾರ ಬೆಳಿಗ್ಗೆ ಆರು ಗಂಟೆಗೆ ಹೋದೆ. ನನ್ನ ಅಳತೆಗೆ ಹೊಲಿದ ಕಂದು ಕೋಟನ್ನು ಇನ್ನೊಬ್ಬ ತೊಟ್ಟುಕೊಂಡು ಕೂತಿದ್ದ. ಬಿಳಿಯ. ದೊಡ್ಡ ಸ್ಟಂಟುಗಳನ್ನು ಸಿನಿಮಾದವರು ತಮ್ಮ ಹಳಬರಿಗೇ ಕೊಡುತ್ತಾರೆ. ಬೀಳಬೇಕಾದ ಪಾತ್ರ ನಮ್ಮವನದಾದರೆ ಬಿಳಿಯನ ಮುಖಕ್ಕೆ, ಕುತ್ತಿಗೆಗೆ, ಕೈಗೆ ಕಂದು ಬಣ್ಣ ಬಳಿಯುತ್ತಾರೆ. ಇಲ್ಲಿ ಇದು ಎಲ್ಲರಿಗೂ ಗೊತ್ತಿರುವುದೇ. ಹೊರಗಿನವರಿಗೆ ಗೊತ್ತಿಲ್ಲ, ಅಷ್ಟೇ. ನಮ್ಮ ಚಿತ್ರ, ನಮ್ಮ ನಾಯಕ, ನಮ್ಮ ಜನ ಸಾಲು ನಿಂತು ನೋಡುವುದು. ಬೀಳುವವನು ಮಾತ್ರ ನಮ್ಮವನಲ್ಲ.

ಹೊರಟುಬಿಡಬೇಕು ಅಂದುಕೊಂಡೆ. ಆಗ ಬಣ್ಣ ಹಚ್ಚುವ ಹೆಂಗಸು, "ಬಾಪ್ಪಾ, ಒಂಚೂರು ಈ ಸ್ಟೂಲ್ ಮೇಲೆ ಕೂತ್ಕೊ, ಬೆಳಕಿನ ಕಡೆ ಮುಖ ಮಾಡು" ಅಂದಳು. ಒಂದು ಸಲ ಬ್ರಷ್ಷನ್ನು ನನ್ನ ಕೆನ್ನೆಯ ಹತ್ತಿರ ಹಿಡಿಯುವಳು, ಒಂದು ಸಲ ಅವನ ಕೆನ್ನೆಗೆ ಹಚ್ಚುವಳು. ಸರಿ ಬರಲಿಲ್ಲ ಎಂದು ಒರೆಸಿ ಮತ್ತೆ ಕಲಸುವಳು. ಬಿಸಿಲು ಏರಿದ ಹಾಗೆ ಮತ್ತೆ ಮತ್ತೆ ಕರೆದರು. ಅವತ್ತು ನನ್ನ ಕೆಲಸ ಅದೇ. ಬಣ್ಣದ ಮಾದರಿ. ಅವನು ಕೆಟ್ಟವನೇನಲ್ಲ, ನನಗೊಂದು ಕಾಫಿ ತಂದುಕೊಟ್ಟ.

ಅವನು ಬಿದ್ದಾಗ ಇಲ್ಲಿ ಮಧ್ಯಾಹ್ನ ಹನ್ನೆರಡು. ನಿಮ್ಮಲ್ಲಿ ಎರಡು. ನೀವು ಅಮ್ಮನನ್ನು ಇಳಿಸುತ್ತಿದ್ದಾಗ ನಾನು ಸ್ಟೂಲಿನ ಮೇಲೆ ಕೂತಿದ್ದೆ.

ಬಿದ್ದೆ ಎಂದು ನಿನಗೆ ಬರೆದದ್ದು, ಬೀಳಲೂ ಇಲ್ಲ, ಬರಲೂ ಇಲ್ಲ ಎಂದು ಹೇಳಲಾಗದೆ. ಆಮೇಲೆ ನೀನು ಆ ಕೈ ಅಮ್ಮನಿಗೆ ಚಾಚಿದ್ದು ಅಂದೆ. ಅದನ್ನು ನಿನ್ನಿಂದ ಕಿತ್ತುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. "ಕೈ ಚಾಚಿದ" ಎಂದು ಅಪ್ಪ ಅಂದದ್ದನ್ನು ಓದಿದಾಗ ಅವರಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

ಈ ಕಾಗದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಕ್ಲಿಯೋಟಿಸ್


ಶಿಕಾಗೊ
ಮಾರ್ಚ್ 17, 1974

ಕ್ಲಿಯೋಟಿಸ್,

ಒಂದು ತಿಂಗಳು ಬರೆಯಲಿಲ್ಲ. ಬರೆದರೆ ಕೆಟ್ಟದಾಗಿ ಬರೆಯುತ್ತಿದ್ದೆ. ಒಂದು ಕೈ ನೋಡಿ ಎಂಟು ತಿಂಗಳ ಸಿಟ್ಟನ್ನು ಬಿಟ್ಟುಕೊಟ್ಟಿದ್ದೆ. ಆ ಕೈ ಯಾರದೋ. ಹೋದ ಸಿಟ್ಟು ಮತ್ತೆ ಬರಲಿ ಎಂದು ಕಾದೆ. ಸರಿಯಾಗಿ ಬರಲಿಲ್ಲ. ಹಾಳಾಗಲಿ, ಅದನ್ನೂ ಹೊಸದಾಗಿ ಕಲಿಯಬೇಕು.

ನಿನ್ನೆ ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಸ್ಟೂಲಿನ ಮಾತು ಬಂದಾಗ ಕಾಗದ ಮಡಿಸಲು ಹೋದೆ. "ಓದು" ಅಂದರು. ಓದಿದೆ.

"ನಿಮಗೆ ಗೊತ್ತಿತ್ತಾ ಅಪ್ಪಾ?"

"ಕಿಟಕಿಯಿಂದ ಹೊರಗೆ ಬಂದಾಗಲೇ. ನಾನು ಕಲಿಸಿದವ್ನು ಸತ್ರೂ ನೆಲಕ್ಕೆ ಕೈ ಚಾಚಲ್ಲ."

"ಮತ್ತೆ ಚಪ್ಪಾಳೆ ಯಾಕೆ ಹೊಡೆದ್ರಿ?"

"ನಿನ್ನಮ್ಮ ಹೋದ್ಮೇಲೆ ನಿನ್ನ ಮುಖ ಹಾಗೆ ಅರಳಿದ್ದು ನಾನು ನೋಡಿರ್ಲಿಲ್ಲ. ಕೆಡಿಸೋದು ಯಾಕೆ ಅಂತ."

ಅಂದರೆ ನೀವಿಬ್ಬರೂ ನನ್ನ ಬೆನ್ನ ಹಿಂದೆ ಒಂದೇ ಸುಳ್ಳನ್ನು ಕಾಪಾಡಿದ್ದೀರಿ, ಒಬ್ಬರಿಗೊಬ್ಬರು ಮಾತಾಡದೆ. ಇಬ್ಬರಿಗೂ ನಾಚಿಕೆಯಾಗಬೇಕು.

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಅಲ್ಲಿಂದಲೇ, "ಕ್ಲಿಯೋಟಿಸ್‌ಗೆ ಬರೆ" ಅಂದರು. ಕೇಳಿಸಿತೇ? ಹೆಸರು ಹಿಡಿದು ಅಂದರು. "ಬಣ್ಣ ಸರಿಯಾಗೇ ಹಚ್ಚಿದ್ರು ಅಂತ ಬರೆ. ಬೀಳೋದನ್ನ ಹಚ್ಚೋಕಾಗ್ಲಿಲ್ಲ ಅವ್ರಿಗೆ."

ಮನೆಗೆ ಬಾ.

ವರ್ನೆಲ್


ಲಾಸ್ ಏಂಜಲೀಸ್
ಏಪ್ರಿಲ್ 2, 1974

ಅಕ್ಕಾ,

ಅಪ್ಪನ ಆ ಸಾಲನ್ನು ಇಲ್ಲಿ ನಮ್ಮ ಹುಡುಗರಿಗೆಲ್ಲ ಓದಿ ಹೇಳಿದೆ. ನಾವು ಹನ್ನೊಂದು ಜನ ಇದ್ದೇವೆ. ಬಣ್ಣ ಬಳಿಯುವುದು ನಿಲ್ಲಲಿ, ನಮ್ಮ ಕೆಲಸ ನಮಗೆ ಕೊಡಿ ಎಂದು ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಶನಿವಾರ ಪಾರ್ಕಿನಲ್ಲಿ ಹಳೆಯ ಹಾಸಿಗೆಗಳನ್ನು ಹಾಸಿ ಕಲಿಯುತ್ತೇವೆ. "ಕೈ ಚಾಚ್ಬೇಡ ಕಣೋ" ಎಂದು ನಾನೇ ಕೂಗುತ್ತಿರುತ್ತೇನೆ. ಅಪ್ಪನ ಧ್ವನಿಯೇ ಬರುತ್ತದೆ.

ಬರುತ್ತೇನೆ. ಆದರೆ ಒಂದು ಸಲ ನಿಜವಾಗಿ ಬಿದ್ದು ಬರುತ್ತೇನೆ. ಅಪ್ಪನ ಮುಂದೆ ಬರಿಗೈಯಲ್ಲಿ ನಿಲ್ಲಲಾರೆ.

ಕ್ಲಿಯೋಟಿಸ್


ಶಿಕಾಗೊ
ನವೆಂಬರ್ 3, 1974

ಕ್ಲಿಯೋಟಿಸ್,

ನೀನು ಬೀಳುವುದನ್ನು ಕಾಯುತ್ತಾ ಇನ್ನೊಂದು ಚಳಿಗಾಲ ಬಂತು. ತಮ್ಮ ಬೇಗ ಬೀಳಲಿ ಎಂದು ಪ್ರಾರ್ಥನೆ ಮಾಡುವ ಅಕ್ಕ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಅಗಲ ಕಾಲರಿನವನು ಆ ಕೋಟನ್ನೇ ವಾಪಸ್ ತಂದಿದ್ದ, ಕಾಲರ್ ಚಿಕ್ಕದು ಮಾಡಿ ಎಂದು. ಕೆಲಸದ ಸಂದರ್ಶನವಂತೆ.

ವರ್ನೆಲ್


ಲಾಸ್ ಏಂಜಲೀಸ್
ಮೇ 12, 1975

ಅಕ್ಕಾ,

ಬಿದ್ದೆ. ಹೋದ ನವೆಂಬರಿನಲ್ಲಿ. ಬೆಂಕಿ ಬಿದ್ದಾಗ ಇಳಿಯಲೆಂದು ಕಟ್ಟಡದ ಹೊರಗೆ ಹಾಕಿದ ಕಬ್ಬಿಣದ ಮೆಟ್ಟಿಲಿನಿಂದ, ನಾಲ್ಕನೇ ಮಹಡಿಯಿಂದ, ನನ್ನದೇ ಮುಖ, ನನ್ನದೇ ಕೈ. ಕೈಗಳು ಎದೆಯ ಮೇಲಿದ್ದವು. ಬೀಳುವಾಗ ಅಡಿಗೆಮನೆಯ ಬಾಗಿಲಿಂದ ಅಮ್ಮ ಬೈದ ಹಾಗಾಯಿತು.

ಆದರೆ ಅದನ್ನು ನೀವು ನೋಡುವುದಿಲ್ಲ. ಚಿತ್ರ ಎರಡು ಊರಲ್ಲಿ ಒಂದೊಂದು ವಾರ ಓಡಿ ಡಬ್ಬಿ ಸೇರಿತು. ಶಿಕಾಗೊಗೆ ಬರುವುದಿಲ್ಲವಂತೆ. ಇಂಥ ಚಿತ್ರಗಳ ಕಾಲ ಮುಗಿಯಿತು ಅನ್ನುತ್ತಾರೆ ಸ್ಟುಡಿಯೋ ಆಫೀಸಿನವರು. ನಮ್ಮ ಜನರ ದುಡ್ಡಿನಿಂದ ಕಷ್ಟಕಾಲ ದಾಟಿದರು, ಈಗ ನಮ್ಮ ಅಗತ್ಯ ಇಲ್ಲ. ಹನ್ನೊಂದು ಜನರಲ್ಲಿ ಆರು ಜನ ಬೇರೆ ಕೆಲಸ ಹುಡುಕುತ್ತಿದ್ದಾರೆ. ಚರ್ಚಿನವರಿಗೆ ಖುಷಿಯಾಗಬಹುದು. ನನಗೆ ಖುಷಿಯೋ ದುಃಖವೋ ತಿಳಿಯುತ್ತಿಲ್ಲ.

ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಹಾಗೇ ಬರಬಹುದೇ? ಬಸ್ಸು ಮೇ 29, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಮುಟ್ಟುತ್ತದೆ. ಬೇಡ ಅನ್ನಿಸಿದರೆ ಬರೆ.

ಕ್ಲಿಯೋಟಿಸ್


ಶಿಕಾಗೊ
ಮೇ 18, 1975, ಭಾನುವಾರ

ಕ್ಲಿಯೋಟಿಸ್,

ನಿನ್ನ ಕಾಗದ ನಿನ್ನೆ ಬಂತು. ಬಂದ ಕೂಡಲೇ ಒಡೆದೆ. ಅಪ್ಪನಿಗೆ ಓದಿ ಹೇಳಿದೆ. "ಕೈ ಎದೆ ಮೇಲಿತ್ತಂತಾ?" ಎಂದು ಎರಡು ಸಲ ಕೇಳಿದರು. ನೀನು ಕೇಳಿದ್ದಕ್ಕೆ ಏನು ಬರೆಯಲಿ ಅಂದೆ. ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಮೆಟ್ಟಿಲು ನೋಡುತ್ತಾ ನಿಂತರು.

ಇವತ್ತು ಚರ್ಚಿನಿಂದ ಬಂದು, ಕೋಟು ತೆಗೆದು, ಒಳಗಿನ ಕೋಣೆಗೆ ಹೋದರು. ಏನೋ ಎಳೆಯುವ ಸದ್ದು. ಹೋಗಿ ನೋಡಿದರೆ ಅಮ್ಮನ ಹೊದಿಕೆಯನ್ನು ಮಡಿಸಿ ಕುರ್ಚಿಯ ಮೇಲಿಟ್ಟಿದ್ದಾರೆ, ಹಾಸಿಗೆಯನ್ನು ಬಾಗಿಲಿಗೆ ಆನಿಸಿದ್ದಾರೆ. "ಆ ತುದಿ ಹಿಡಿ" ಅಂದರು. ಹಿಡಿದೆ. ಅಡಿಗೆಮನೆ ದಾಟಿಸಿ ಹಿತ್ತಲ ಮೆಟ್ಟಿಲಿಳಿಸಿದೆವು. ಎಪ್ಪತ್ತರ ಮುದುಕ, ನೋಯುವ ಕಾಲು, ಎರಡು ಸಲ ಕೂತು ಉಸಿರು ತೆಗೆದುಕೊಂಡರು. ನಿನಗೆ ಕಲಿಸುತ್ತಿದ್ದಾಗ ಹಾಸುತ್ತಿದ್ದರಲ್ಲ, ಅದೇ ಜಾಗ.

ಬೇಲಿಯಾಚೆಯಿಂದ ಸಿಸ್ಟರ್ ಯುಲಾಲಿ, "ಏನ್ ಡೀಕನ್, ತಿಗಣೆ ಆಯ್ತಾ?" ಅಂದರು.

"ಬಿಸಿಲಿಗೆ ಹಾಕಿದೀನಿ."

"ಬಿಸಿಲು ಆ ಕಡೆ ಇದೆಯಲ್ಲ! ಇಲ್ಲಿ ಪೂರ್ತಿ ನೆರಳು."

"ಬರುತ್ತೆ ಬಿಡಿ ಸಿಸ್ಟರ್" ಅಂದರು ಅಪ್ಪ.

ಆಮೇಲೆ ಮೇಲಿನ ಕಟ್ಟೆಯನ್ನು ನೋಡಿ, ಹಾಸಿಗೆಯನ್ನು ಕಾಲಿನಿಂದ ಒಂದು ಗೇಣು ಈಚೆಗೆ ಸರಿಸಿದರು. ನೀನು ಈಗ ಉದ್ದ ಆಗಿದ್ದೀಯ.

ವರ್ನೆಲ್